ಹುತ್ತವಿಲ್ಲದ ಪೆಟ್ಟಿಗೆ

ರಾಯಚೂರು ಜಿಲ್ಲೆಯ ಮಾನ್ವಿ ಸುತ್ತಿನ ಎರೆ ಹೊಲಗಳ ಬದುವಿನಲ್ಲಿ, ಬಳ್ಳಾರಿ ಜಾಲಿಯ ಬುಡದಲ್ಲಿ ಒಮ್ಮೊಮ್ಮೆ ಕೇರೆ ಹಾವಿನ ಇಡೀ ಪೊರೆ ಸಿಗುವುದುಂಟು. ಮೂತಿಯಿಂದ ಬಾಲದ ತುದಿಯವರೆಗೆ ಎಲ್ಲೂ ಹರಿಯದೆ, ಕಾಲುಚೀಲವನ್ನು ತಿರುವಿ ಎಳೆದಂತೆ ಒಳಮೈ ಹೊರಗಾಗಿ ಬಿದ್ದಿರುತ್ತದೆ. ಅದರ ತಲೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಎಡಕ್ಕೊಂದು ಬಲಕ್ಕೊಂದು ತಿಳಿಯಾದ ಸಣ್ಣ ಗುಳ್ಳೆಗಳು ಕಾಣುತ್ತವೆ. ಅವು ಕಣ್ಣಿನ ಪೊರೆಗಳು. ಹಾವಿಗೆ ರೆಪ್ಪೆಯಿಲ್ಲ. ಕಣ್ಣನ್ನು ಕಾಯುವ ಗಾಜಿನಂಥ ಮುಚ್ಚಳವೂ ಚರ್ಮದ್ದೇ ಭಾಗ. ಮೈ ಪೊರೆ ಬಿಟ್ಟಾಗ ಕಣ್ಣೂ ಪೊರೆ ಬಿಡುತ್ತದೆ.

ಗಾಜಿನ ತೊಟ್ಟಿಯಲ್ಲೋ ಪ್ಲಾಸ್ಟಿಕ್ ಡಬ್ಬಿಯಲ್ಲೋ ಇಟ್ಟ ಹಾವು ಚಳಿಗಾಲದಲ್ಲಿ ಬಿಡುವ ಪೊರೆ ಹೀಗಿರುವುದು ಅಪರೂಪ. ಈರುಳ್ಳಿ ಸಿಪ್ಪೆಯಂತೆ ಚೂರುಚೂರಾಗಿ ಬರುತ್ತದೆ. ಕತ್ತಿನ ಹತ್ತಿರ ಒಂದು ಪಟ್ಟಿ, ಬಾಲದ ತುದಿಯಲ್ಲೊಂದು ಉಂಗುರ ಅಂಟಿಕೊಂಡೇ ಉಳಿಯುತ್ತದೆ. ಕಣ್ಣಿನ ಗುಳ್ಳೆಗಳನ್ನು ಹುಡುಕಿದರೆ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಸಿಗದ ಆ ಗುಳ್ಳೆ ಹಾವಿನ ಕಣ್ಣಿನ ಮೇಲೇ ಇದೆ. ನೀರಿನ ಕೊರತೆ ಕಣ್ಣಿಗೆ ಕಾಣುವಂತೆ ಬರೆದಿಡುವುದು ಇಲ್ಲಿ. ಮೂತ್ರಪಿಂಡದ ಮೇಲೆ ಅದು ಬರೆಯುವುದು ನಮಗೆ ಕಾಣುವುದಿಲ್ಲ.

ಈ ಲೇಖನ ಒಂದು ಎಚ್ಚರಿಕೆ. ಚಳಿಗಾಲದಲ್ಲಿ ಹಾವು ಸಾಕುವವರು ಅಥವಾ ಹಿಡಿದಿಟ್ಟವರು ಅದಕ್ಕೆ ಚಳಿಯಾದೀತೆಂದು ಹೆದರುತ್ತಾರೆ, ದಾಹವಾದೀತೆಂದು ಹೆದರುವುದಿಲ್ಲ. ಚಳಿಗೆಂದು ಇಡುವ ಬಲ್ಬೇ ದಾಹವನ್ನು ಹೆಚ್ಚಿಸುತ್ತದೆ. ರಾಯಚೂರಿನಂಥ ಒಣ ಸೀಮೆಯಲ್ಲಿ ಈ ತಪ್ಪಿಗೆ ತೆರಬೇಕಾದ ಬೆಲೆ ಮಲೆನಾಡಿಗಿಂತ ದೊಡ್ಡದು.

ಮೂರು ಬಗೆಯ ಪೆಟ್ಟಿಗೆ

ರಾಯಚೂರಿನಲ್ಲಿ ಹಾವು ಸಾಕುವವರು ಯಾರಿದ್ದಾರೆ ಎಂದು ಕೇಳಬಹುದು. ಪೆಟ್ಟಿಗೆ ಸೇರುವ ಹಾವುಗಳಲ್ಲಿ ಮೂರು ಬಗೆ.

ಮೊದಲನೆಯದು ವಿದೇಶಿ ಹಾವು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್ ಇವೇ ಹೆಚ್ಚು. ಈ ಶೋಕಿ ಎಷ್ಟು ಬೆಳೆದಿದೆ ಎನ್ನುವುದಕ್ಕೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೇ ಸಾಕ್ಷಿ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಟ್ರಾಲಿ ಬ್ಯಾಗಿನಲ್ಲಿ 234 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ ಹೆಬ್ಬಾವುಗಳೂ ಇದ್ದವು, ಸತ್ತ ಕಾಂಗರೂ ಮರಿಯೂ ಇತ್ತು. ಮುಂದಿನ ತಿಂಗಳೇ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕಿಬಿದ್ದವು. 2024ರ ಏಪ್ರಿಲ್‌ನಲ್ಲಿ ಹಳದಿ ಅನಕೊಂಡದ ಹತ್ತು ಮರಿಗಳು. ಇದು ಸಿಕ್ಕಿಬಿದ್ದ ಲೆಕ್ಕ ಮಾತ್ರ. ಬೆಂಗಳೂರು, ಹೈದರಾಬಾದಿನ ಶೋಕಿಗಳು ರಾಯಚೂರಿಗೆ ಬರಲು ಒಂದು ರೈಲು ಸಾಕು.

ಎರಡನೆಯದು ನಮ್ಮದೇ ಇರುತಲೆ ಹಾವು. ಕೆಲವರು ಮಣ್ಣುಮುಕ್ಕ ಎನ್ನುತ್ತಾರೆ, ಆಡುಮಾತಿನಲ್ಲಿ ಎರಡು ತಲಿ ಹಾವು. ಮೊಂಡು ಬಾಲವೇ ಎರಡನೆಯ ತಲೆಯಂತೆ ಕಾಣುವುದರಿಂದ ಬಂದ ಹೆಸರು. ನಿಧಿ ತೋರಿಸುತ್ತದೆ, ಅದೃಷ್ಟ ತರುತ್ತದೆ ಎಂಬ ಸುಳ್ಳಿನ ಮೇಲೆ ಇದರ ಕಳ್ಳವ್ಯಾಪಾರ ನಿಂತಿದೆ. ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆಯಿಂದ ಗಿರಾಕಿ ಸಿಗುವವರೆಗೆ ಇದನ್ನು ಡಬ್ಬಿಯಲ್ಲೋ ಗೋಣಿಚೀಲದಲ್ಲೋ ವಾರಗಟ್ಟಲೆ ಮುಚ್ಚಿಡುತ್ತಾರೆ.

ಮೂರನೆಯದು ಮನೆಯಲ್ಲೋ ಹೊಲದಲ್ಲೋ ಕಾಣಿಸಿಕೊಂಡಿತೆಂದು ಹಿಡಿದ ನಾಗರ, ಕೇರೆ, ಕೊಳಕುಮಂಡಲ. ಭತ್ತದ ಕೊಯ್ಲು ನಡೆಯುವ ನವೆಂಬರ್, ಡಿಸೆಂಬರ್‌ನಲ್ಲಿ ಮಾನ್ವಿಯ ಕಾಲುವೆ ಬಯಲಿನಲ್ಲಿ ಇಲಿಗಳು ಹೆಚ್ಚುತ್ತವೆ, ಹಾವುಗಳು ಅವುಗಳ ಬೆನ್ನು ಹತ್ತುತ್ತವೆ. ಹಿಡಿದವರು ಬಿಡುವ ಮೊದಲು ನಾಲ್ಕು ಜನಕ್ಕೆ ತೋರಿಸಬೇಕು, ರೀಲ್ಸ್ ಮಾಡಬೇಕು. ಅಲ್ಲಿಯವರೆಗೆ ಹಾವು ನೀರಿನ ಕ್ಯಾನಿನಲ್ಲಿ. ಕ್ಯಾನು ನೀರಿನದು, ಒಳಗೆ ಮಾತ್ರ ಹನಿ ನೀರಿಲ್ಲ.

ಮೂರೂ ಕಡೆ ಹಾವು ಕಳೆದುಕೊಳ್ಳುವುದು ಒಂದನ್ನೇ, ತನಗೆ ಬೇಕಾದ ಗಾಳಿಯನ್ನು ತಾನೇ ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯವನ್ನು.

ಬಲ್ಬು ಹಾಕಿದರೆ ಗಾಳಿಗೆ ಏನಾಗುತ್ತದೆ

ಇಲ್ಲೊಂದು ಸಣ್ಣ ಲೆಕ್ಕವಿದೆ. 15 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 13 ಗ್ರಾಮ್‌ನಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯ ಗಾಳಿ 30 ಗ್ರಾಮ್‌ನಷ್ಟು ಹಿಡಿಯಬಲ್ಲದು. ಜನವರಿಯ ಒಂದು ನಸುಕಿನಲ್ಲಿ ಹೊರಗೆ 15 ಡಿಗ್ರಿ ಚಳಿ, ತೇವಾಂಶ ಶೇಕಡಾ 70 ಇದೆ ಎಂದಿಟ್ಟುಕೊಳ್ಳೋಣ. ಅಂದರೆ ಗಾಳಿಯಲ್ಲಿರುವ ನೀರು 9 ಗ್ರಾಮ್. ಹಾವಿಗೆ ಚಳಿಯೆಂದು ತೊಟ್ಟಿಯ ಮೇಲೆ ಬಲ್ಬು ಹಾಕಿ ಅದೇ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದಿರಿ. ನೀರು ಅದೇ 9 ಗ್ರಾಮ್, ಪಾತ್ರೆ ಮಾತ್ರ 30 ಗ್ರಾಮ್‌ನದು. ತೇವಾಂಶ ಶೇಕಡಾ 30ಕ್ಕೆ ಇಳಿಯಿತು. ಒಂದು ಹನಿ ನೀರೂ ಹೊರಗೆ ಹೋಗಲಿಲ್ಲ, ಆದರೂ ಗಾಳಿ ಒಣಗಿತು. ಒಣಗಿದ ಗಾಳಿ ತನ್ನ ಪಾತ್ರೆ ತುಂಬಿಕೊಳ್ಳಲು ಸಿಕ್ಕಿದ್ದನ್ನೆಲ್ಲ ಹೀರುತ್ತದೆ. ತಟ್ಟೆಯ ನೀರನ್ನು ಹೀರುತ್ತದೆ, ತಳದ ಹೊಟ್ಟನ್ನು ಹೀರುತ್ತದೆ, ಹಾವಿನ ಮೈಯನ್ನೂ ಹೀರುತ್ತದೆ.

ಬಾಲ್ ಪೈಥಾನಿಗೆ ಬೇಕಾದ ತೇವಾಂಶ ಸಾಮಾನ್ಯವಾಗಿ ಶೇಕಡಾ 55ರಿಂದ 65, ಪೊರೆ ಬಿಡುವ ದಿನಗಳಲ್ಲಿ 70ರ ಆಸುಪಾಸು. ರಾಯಚೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯೇ 600ರಿಂದ 700 ಮಿಲಿಮೀಟರ್. ಅದರ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಮುಗಿದುಹೋಗುತ್ತದೆ. ಆಮೇಲೆ ತುಟಿ ಬಿರಿಯುವುದು, ಹಿಮ್ಮಡಿ ಒಡೆಯುವುದು ಇಲ್ಲಿಯ ಮನೆಮನೆಯ ಅನುಭವ. ನಾವಾದರೆ ವ್ಯಾಸಲೀನ್ ಹಚ್ಚಿಕೊಳ್ಳುತ್ತೇವೆ, ನೀರು ಕುಡಿಯುತ್ತೇವೆ, ನೆರಳಿಗೆ ಸರಿಯುತ್ತೇವೆ. ಎರಡಡಿ ಉದ್ದದ ತೊಟ್ಟಿಯಲ್ಲಿ ಹಾವು ಸರಿಯುವುದೆಲ್ಲಿಗೆ?

ಹುರುಪೆಯ ಕವಚ ನೀರನ್ನು ತಡೆಯುವುದಿಲ್ಲ

ಹಾವಿನ ಮೈಮೇಲೆ ಹೆಂಚು ಹೊದಿಸಿದಂಥ ಹುರುಪೆಗಳಿರುವಾಗ ನೀರು ಹೇಗೆ ಆರುತ್ತದೆ? ಹುರುಪೆಯೇ ನೀರಿಗೆ ತಡೆ ಎಂದು ವಿಜ್ಞಾನಿಗಳೂ ಬಹುಕಾಲ ತಿಳಿದಿದ್ದರು. ಅಮೆರಿಕದಲ್ಲಿ ಹುಟ್ಟಿನಿಂದಲೇ ಹುರುಪೆಯಿಲ್ಲದ ಒಂದು ಗೋಫರ್ ಹಾವು ಸಿಕ್ಕಿತು. ಪಾಲ್ ಲಿಕ್ಟ್ ಮತ್ತು ಆಲ್ಬರ್ಟ್ ಬೆನೆಟ್ ಅದರ ಮೈಯಿಂದ ಆರಿಹೋಗುವ ನೀರನ್ನು ಅಳೆದು 1972ರಲ್ಲಿ ಪ್ರಕಟಿಸಿದರು. ಹುರುಪೆಯಿದ್ದ ಹಾವಿಗೂ ಇಲ್ಲದ ಹಾವಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಾಗಾದರೆ ತಡೆ ಯಾವುದು? 1980ರಲ್ಲಿ ರಾಬರ್ಟ್ಸ್ ಮತ್ತು ಹಾರ್ವಿ ಲಿಲ್ಲಿವೈಟ್ ಹಾವಿನ ಪೊರೆಯಿಂದ ಜಿಡ್ಡಿನ ಅಂಶವನ್ನು ದ್ರಾವಕದಲ್ಲಿ ತೊಳೆದು ತೆಗೆದರು. ಅದುವರೆಗೆ ನೀರನ್ನು ತಡೆಯುತ್ತಿದ್ದ ಪೊರೆ ಹಲವು ಪಟ್ಟು ಹೆಚ್ಚು ನೀರನ್ನು ಹೊರಬಿಟ್ಟಿತು. ತಡೆ ಇರುವುದು ಚರ್ಮದ ನಡುಪದರದ ತೆಳ್ಳನೆಯ ಜಿಡ್ಡಿನಲ್ಲಿ. ಅದು ನೀರಿನ ನಷ್ಟವನ್ನು ನಿಧಾನಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ.

ಪೊರೆ ಬದಲಿಸುವ ಹೊತ್ತು ಇನ್ನೂ ನಾಜೂಕು. ಹಳೆಯ ಚರ್ಮದ ಕೆಳಗೆ ಹೊಸದು ಬೆಳೆಯುತ್ತದೆ. ಎರಡರ ನಡುವೆ ತೆಳ್ಳನೆಯ ದ್ರವ ಸೇರುತ್ತದೆ. ಆಗ ಹಾವಿನ ಬಣ್ಣ ಮಂಕಾಗುತ್ತದೆ, ಕಣ್ಣು ನೀಲಿ ಬೆರೆಸಿದ ಮಜ್ಜಿಗೆಯಂತೆ ಕಾಣುತ್ತದೆ. ಕೆಲವು ದಿನಗಳಲ್ಲಿ ಕಣ್ಣು ತಿಳಿಯಾಗಿ, ಅದಾದ ನಾಲ್ಕಾರು ದಿನಕ್ಕೆ ಹಾವು ಮೂತಿಯನ್ನು ಕಲ್ಲಿಗೋ ಕಟ್ಟಿಗೆಗೋ ಉಜ್ಜಿ ಹಳೆಯದನ್ನು ಬಿಟ್ಟು ಮುಂದೆ ಹೋಗುತ್ತದೆ. ಈ ದಿನಗಳಲ್ಲಿ ಮೈಯಿಂದ ಆರುವ ನೀರೂ ಹೆಚ್ಚು. ಗಾಳಿ ಒಣಗಿದ್ದರೆ, ಮೈಯಲ್ಲಿ ಮೊದಲೇ ನೀರು ಕಡಿಮೆಯಿದ್ದರೆ, ನಡುವಿನ ದ್ರವ ಸಾಲದೆ ಎರಡೂ ಪದರ ಅಂಟಿಕೊಳ್ಳುತ್ತವೆ.

ಹಿಂಗಾರಿ ಜೋಳ ಹೇಳುವ ಸಾಕ್ಷ್ಯ

"ನಮ್ಮ ಹಾವು ಬಿಸಿಲ ಸೀಮೆಯದು, ಒಣ ಗಾಳಿ ಅದಕ್ಕೇನು ಹೊಸತೇ?" ಇದು ಸಹಜವಾಗಿ ಬರುವ ಪ್ರಶ್ನೆ. ಉತ್ತರ ಹೊಲದಲ್ಲೇ ಇದೆ.

ಎರೆ ಭೂಮಿಯಲ್ಲಿ ಬಿಳಿಜೋಳ ಬಿತ್ತುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಆಮೇಲೆ ಹೆಚ್ಚು ಮಳೆ ಬೀಳದಿದ್ದರೂ ಜೋಳ ತೆನೆಯೊಡೆಯುತ್ತದೆ. ಎರೆ ಮಣ್ಣು ಒಳಗೆ ಹಿಡಿದಿಟ್ಟುಕೊಂಡ ಹಸಿಯೇ ಅದಕ್ಕೆ ನೀರು. ಮೇಲೆ ಬಿರುಕು ಬಿಟ್ಟ ಅದೇ ನೆಲದ ಆಳದಲ್ಲಿ ತೇವ ಇರುತ್ತದೆ. ಜೋಳದ ಬೇರು ಹುಡುಕಿಕೊಂಡು ಹೋಗುವ ಆ ಹಸಿಯನ್ನೇ ಹಾವೂ ಹುಡುಕಿಕೊಂಡು ಹೋಗುತ್ತದೆ. ಎರೆಯ ಬಿರುಕು, ಇಲಿಯ ಬಿಲ, ದೇವದುರ್ಗದ ಬಂಡೆಗಳ ಸಂದು, ರಾಯಚೂರು ಕೋಟೆಯ ಕಲ್ಲುಗೋಡೆಯ ಬಿರುಕು ಇವೆಲ್ಲ ಅದರ ಚಳಿಗಾಲದ ಮನೆಗಳು.

ಎಲ್ಲಕ್ಕಿಂತ ಒಳ್ಳೆಯ ಮನೆ ಹುತ್ತ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ ಎಂದು ಪರರ ದುಡಿಮೆ ಉಣ್ಣುವವರನ್ನು ನಾವು ಆಡಿಕೊಳ್ಳುತ್ತೇವೆ. ಆ ಮಾತಿನಲ್ಲಿ ವಿಜ್ಞಾನವೂ ಇದೆ. ಗೆದ್ದಲು ಹುತ್ತದೊಳಗೆ ಅಣಬೆ ಬೆಳೆಯುತ್ತದೆ. ಅಣಬೆಗೆ ಹದವಾದ ಬಿಸಿ ಬೇಕು, ಸದಾ ತೇವ ಬೇಕು. ಅದಕ್ಕಾಗಿ ಕಟ್ಟಿದ ಗೂಡಿನಲ್ಲಿ ಹೊರಗಿನ ಚಳಿ, ಬಿಸಿಲು, ಒಣಗಾಳಿ ಯಾವುದೂ ಸುಲಭಕ್ಕೆ ನುಸುಳುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನಿ ಬೋರ್ಜಸ್ ಮತ್ತು ಅವರ ತಂಡ ಇಂಥ ಹುತ್ತಗಳನ್ನೂ ಅವುಗಳ ಅಣಬೆ ಕೃಷಿಯನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಆಫ್ರಿಕಾದ ಬಾಲ್ ಪೈಥಾನ್ ಕೂಡ ತನ್ನ ನಾಡಿನಲ್ಲಿ ಇಲಿಯ ಬಿಲಕ್ಕೂ ಗೆದ್ದಲ ಹುತ್ತಕ್ಕೂ ಸೇರುತ್ತದೆ.

ಆದ್ದರಿಂದ ಒಣ ಸೀಮೆಯ ಹಾವು ಒಣ ಗಾಳಿಯನ್ನು ತಡೆದುಕೊಳ್ಳುವ ಹಾವಲ್ಲ, ಒಣ ಗಾಳಿಯಿಂದ ತಪ್ಪಿಸಿಕೊಳ್ಳಲು ಬಲ್ಲ ಹಾವು. ಪೆಟ್ಟಿಗೆಯಲ್ಲಿಟ್ಟ ದಿನ ಆ ಬಲ್ಲತನಕ್ಕೆ ಬೆಲೆಯಿಲ್ಲ.

ಇದಕ್ಕೆ ಇನ್ನೊಂದು ಸಾಕ್ಷ್ಯ ನಾಗರ ಪಂಚಮಿಯದು. ಹಾವಾಡಿಗರ ಬುಟ್ಟಿಯ ನಾಗರ ಹಾಲು ಕುಡಿಯುವುದನ್ನು ಹಿಂದಿನ ತಲೆಮಾರು ಕಣ್ಣಾರೆ ಕಂಡಿದೆ. ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಜೀರ್ಣವೂ ಆಗುವುದಿಲ್ಲ. ಹಬ್ಬಕ್ಕೆ ಮೊದಲು ದಿನಗಟ್ಟಲೆ ನೀರು ಕೊಡದೆ ಇಟ್ಟ ಹಾವು ಎದುರು ಬಂದ ಯಾವ ದ್ರವವನ್ನಾದರೂ ಕುಡಿಯುತ್ತದೆ. ನಾವು ಭಕ್ತಿಗೆ ಒಲಿದ ನಾಗಪ್ಪ ಎಂದುಕೊಂಡದ್ದು ಬಾಯಾರಿದ ಪ್ರಾಣಿಯನ್ನು.

ಕೇಡು ಬರುವ ಕ್ರಮ

ನಾಯಿ ನರಳುತ್ತದೆ, ಬೆಕ್ಕು ಕೂಗುತ್ತದೆ, ಹಾವು ಸುಮ್ಮನಿರುತ್ತದೆ. ದೀಪಾವಳಿಗೆ ಶುರುವಾದ ಕೊರತೆ ಕಣ್ಣಿಗೆ ಬೀಳುವುದು ಸಂಕ್ರಾಂತಿಯ ಹೊತ್ತಿಗೆ.

ಮೊದಲು ಚರ್ಮ ಸುಕ್ಕಾಗುತ್ತದೆ. ಮೈಯನ್ನು ಬಾಗಿಸಿದಾಗ ಪಕ್ಕೆಯಲ್ಲಿ ನೆರಿಗೆ ಮೂಡಿ ಬೇಗ ಹೋಗುವುದಿಲ್ಲ. ಬಾಯಿಯ ಜೊಲ್ಲು ಅಂಟಂಟಾಗುತ್ತದೆ. ಹಾವು ಮೂತ್ರವನ್ನು ನಮ್ಮಂತೆ ನೀರಾಗಿ ಬಿಡದೆ ಯೂರಿಕ್ ಆಮ್ಲದ ಬಿಳಿ ಮುದ್ದೆಯಾಗಿ ಬಿಡುತ್ತದೆ. ಆ ಮುದ್ದೆ ಮೆತ್ತಗಿರುವ ಬದಲು ಸುಣ್ಣದ ಹರಳಿನಂತೆ ಗಟ್ಟಿಯಾಗಿ ಹಳದಿಗೆ ತಿರುಗಿದರೆ ನೀರು ಸಾಲುತ್ತಿಲ್ಲ ಎಂದರ್ಥ. ಅಲ್ಲಿಗೂ ಎಚ್ಚರಾಗದಿದ್ದರೆ ಅದೇ ಯೂರಿಕ್ ಆಮ್ಲ ಮೂತ್ರಪಿಂಡದಲ್ಲಿ, ಕೀಲುಗಳಲ್ಲಿ ಹರಳುಗಟ್ಟುತ್ತದೆ. ಇದು ಗೌಟ್ ಎಂಬ ಬಗೆಯ ಸಂಧಿವಾತ. ಆ ಹಂತ ತಲುಪಿದ ಮೂತ್ರಪಿಂಡ ಮತ್ತೆ ಮೊದಲಿನಂತಾಗುವುದಿಲ್ಲ.

ಪೊರೆಯ ತೊಂದರೆಯೂ ಮೇಲ್ಮೈಯಲ್ಲೇ ನಿಲ್ಲುವುದಿಲ್ಲ. ಬಾಲದ ತುದಿಗೆ ಉಳಿದ ಪೊರೆಯ ಉಂಗುರ ಒಣಗಿ ಬಿಗಿಯುತ್ತದೆ, ಬೆರಳಿಗೆ ದಾರ ಬಿಗಿದಂತೆ. ರಕ್ತ ನಿಂತು ತುದಿ ಕಪ್ಪಾಗಿ ಉದುರುತ್ತದೆ. ಕಣ್ಣಿನ ಮೇಲೆ ಉಳಿದ ಹಳೆಯ ಗುಳ್ಳೆಯ ಮೇಲೆ ಮುಂದಿನ ಬಾರಿ ಇನ್ನೊಂದು ಪದರ ಕೂರುತ್ತದೆ. ಒಳಗೆ ಸೋಂಕಾದರೆ ಕಣ್ಣೇ ಹೋಗುತ್ತದೆ.

ತೇವ ಬೇಕೆಂದು ತಿಳಿದವರು ಮಾಡುವ ತಪ್ಪು ಇದಕ್ಕೆ ವಿರುದ್ಧವಾದದ್ದು. ತೊಟ್ಟಿಗೆಲ್ಲ ನೀರು ಸಿಂಪಡಿಸಿ, ಆವಿ ಹೋಗದಂತೆ ಗಾಳಿಯ ಕಿಂಡಿಗಳನ್ನು ಮುಚ್ಚುತ್ತಾರೆ. ರಾತ್ರಿ ಕರೆಂಟ್ ಹೋಗುತ್ತದೆ, ಬಲ್ಬು ಆರುತ್ತದೆ. ಈಗ ಹಾವು ತಣ್ಣನೆಯ ಕೆಸರಿನಲ್ಲಿ ಮಲಗಿದೆ. ಹೊಟ್ಟೆಯ ಹುರುಪೆಗಳ ಕೆಳಗೆ ನೀರುಗುಳ್ಳೆ ಎದ್ದು ಕೊಳೆಯಲು ತೊಡಗುತ್ತದೆ. ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಹಾವಿಗೆ ನಮ್ಮಂತೆ ಕೆಮ್ಮಿ ಕಫ ಹೊರಹಾಕಲು ಬಾರದು. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಸಿಳ್ಳೆಯ ಸದ್ದು ಕಂಡರೆ ಅದು ನ್ಯುಮೋನಿಯಾದ ಲಕ್ಷಣ. ಒಣಗಿದ ಬಿಸಿಯೂ ಕೇಡು, ಒದ್ದೆಯಾದ ಚಳಿಯೂ ಕೇಡು. ಹುತ್ತದಲ್ಲಿ ಇರುವುದು ಬೆಚ್ಚನೆಯ ತೇವ, ಅದರ ಜೊತೆಗೆ ಆಡುವ ಗಾಳಿ.

ಈಗ ಮಾಡಬೇಕಾದದ್ದು

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರ, ಕೇರೆ, ಕೊಳಕುಮಂಡಲ, ಇರುತಲೆ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತೇವಾಂಶ ಎಷ್ಟೇ ಸರಿಯಾಗಿದ್ದರೂ ಅದು ಅಪರಾಧವೇ. ಅಂಥದ್ದು ಯಾರ ಬಳಿಯಾದರೂ ಇದ್ದರೆ ತೇವಾಂಶ ಅಳೆಯುವ ಹೈಗ್ರೋಮೀಟರ್ ಕೊಳ್ಳಲು ಹೋಗಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ವಿದೇಶಿ ಹಾವಿನ ವಿಷಯ ಬೇರೆ. ಅದೇ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2024ರಲ್ಲಿ ಬಂದ ನಿಯಮಗಳಂತೆ ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ.

ಹಿಡಿದ ಹಾವನ್ನು ಬಿಡಲು ಹೊರಟವರು ಗಡಿಯಾರ ನೋಡಬೇಕು. ಹಾವು ಡಬ್ಬಿಯಲ್ಲಿ ಕಳೆಯುವ ಪ್ರತಿ ತಾಸು ಅದರ ನೀರಿನ ಖರ್ಚು. ಚಳಿಯ ರಾತ್ರಿ ಹಿಡಿದದ್ದಾದರೆ ಗಾಳಿಯಾಡುವ ಬಟ್ಟೆಚೀಲದಲ್ಲಿಟ್ಟು, ಬೆಳಗ್ಗೆ ಬಿಸಿಲು ಏರಿದೊಡನೆ ಬಿಡುವುದು ಲೇಸು. ಊರಾಚೆ ಹತ್ತಾರು ಮೈಲಿ ಒಯ್ದು ಬಿಡುವುದು ಉಪಕಾರವಲ್ಲ. ಆಗುಂಬೆಯಲ್ಲಿ ರೇಡಿಯೊ ಅಳವಡಿಸಿ ಬೆನ್ನು ಹತ್ತಿದಾಗ, ದೂರ ಸಾಗಿಸಿ ಬಿಟ್ಟ ಕಾಳಿಂಗ ತನ್ನ ನೆಲೆಯಲ್ಲೇ ಇದ್ದ ಕಾಳಿಂಗಕ್ಕಿಂತ ಬಹಳ ಹೆಚ್ಚು ಅಲೆದದ್ದು ಕಂಡುಬಂತು. ಮಾನ್ವಿಯ ಹೊಲದ ಹಾವಿಗೆ ಹಸಿಯಿರುವ ಬಿಲ ಯಾವುದೆಂದು ಗೊತ್ತು. ದೇವದುರ್ಗದ ಬಂಡೆಗಳ ನಡುವೆ ತಂದುಬಿಟ್ಟರೆ ಅದೇ ಹಾವು ಮನೆಯಿಲ್ಲದ ಪರದೇಶಿ. ಹಿಡಿದ ಹಾವನ್ನು ಬೇಗ ಬಿಡುವುದು ಜನರ ಸುರಕ್ಷತೆಯ ಮಾತೂ ಹೌದು. ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಕರ್ನಾಟಕ 2024ರಲ್ಲಿ ಸೇರಿಸಿದೆ. ಡಬ್ಬಿಯಲ್ಲಿ ಬಳಲಿದ ನಾಗರವನ್ನು ಕ್ಯಾಮೆರಾ ಎದುರು ಮತ್ತೆ ಮತ್ತೆ ಕೆಣಕುವವರು ಆ ಲೆಕ್ಕದಲ್ಲಿ ತಾವೂ ಒಂದು ಸಂಖ್ಯೆಯಾಗಬಹುದು.

ನೋಂದಾಯಿಸಿದ ವಿದೇಶಿ ಹಾವು ಸಾಕಿದವರು ಅಂದಾಜನ್ನು ಬಿಟ್ಟು ಅಳತೆಗೆ ಬರಬೇಕು. ಡಿಜಿಟಲ್ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಸುಳ್ಳು ಹೇಳುತ್ತಿದೆಯೇ ಎಂದು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿಹೋಗದಂತೆ ಹಸಿ ಮರಳಿನ ಹದಕ್ಕೆ ನಾಲ್ಕು ಹನಿ ನೀರು ಬೆರೆಸಿ. ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಗಾಳಿಯಾಡದ ಚೀಲದಲ್ಲಿಟ್ಟು ರಾತ್ರಿಯಿಡೀ ಬಿಡಿ. ಹಸಿ ಉಪ್ಪಿನ ಮೇಲಿನ ಗಾಳಿಯ ತೇವಾಂಶ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಬೆಳಗ್ಗೆ ಮೀಟರು 68 ತೋರಿಸಿದರೆ ಅದು ಏಳರಷ್ಟು ಕಡಿಮೆ ಹೇಳುತ್ತಿದೆ ಎಂದು ತಿಳಿಯಿರಿ.

ತೊಟ್ಟಿಯೊಳಗೆ ಒಂದು ಸಣ್ಣ ಹುತ್ತ ಮಾಡಿಕೊಡಿ. ಮುಚ್ಚಳವಿರುವ ಡಬ್ಬಿಗೆ ಹಾವು ನುಸುಳುವಷ್ಟು ತೂತು ಕೊರೆದು ಅಂಚು ನುಣುಪು ಮಾಡಿ, ಒಳಗೆ ಹಿಂಡಿದ ತೆಂಗಿನ ನಾರಿನ ಪುಡಿ ತುಂಬಿ ಬೆಚ್ಚಗಿನ ಬದಿಗೆ ಇಟ್ಟರೆ ಸಾಕು. ಮುಷ್ಟಿಯಲ್ಲಿ ಹಿಂಡಿದಾಗ ಹನಿ ಬೀಳಬಾರದು, ಬಿಟ್ಟಾಗ ಪುಡಿ ಉದುರಬಾರದು. ಅದೇ ಹದ. ಹಾವು ಮೈ ಮುಳುಗಿಸಬಹುದಾದ ನೀರಿನ ಪಾತ್ರೆ ಇರಲಿ. ಜಾಲರಿ ಮುಚ್ಚಳವಿದ್ದರೆ ಅರ್ಧಕ್ಕಿಂತ ತುಸು ಹೆಚ್ಚು ಮುಚ್ಚಿ, ಪೂರ್ತಿ ಬೇಡ. ಒಂದು ಬದಿ 31ರಿಂದ 33 ಡಿಗ್ರಿ, ಇನ್ನೊಂದು ಬದಿ 25ರ ಆಸುಪಾಸು ಇದ್ದರೆ ಬಾಲ್ ಪೈಥಾನ್ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ. ಶಾಖಕ್ಕೆ ಥರ್ಮೋಸ್ಟಾಟ್ ಇಲ್ಲದೆ ಏನನ್ನೂ ಹಾಕಬೇಡಿ. ನೀರು ಸಿಂಪಡಿಸುವುದಿದ್ದರೆ ಬೆಳಗ್ಗೆ, ಸಂಜೆಯ ಮೇಲೆ ಬೇಡ.

ಪೊರೆ ಅಂಟಿಕೊಂಡಿದ್ದರೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಚಿಮಟದಿಂದ ಕೀಳಬೇಡಿ. ಗಾಳಿಯಾಡುವ ಡಬ್ಬಿಯಲ್ಲಿ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ಹಿಂಡಿದ ಟವೆಲ್ ಹಾಸಿ, ಅರ್ಧ ತಾಸು ಹಾವನ್ನು ಅದರೊಳಗೆ ಹರಿದಾಡಲು ಬಿಡಿ. ಬಟ್ಟೆಯ ಒರಟೇ ಪೊರೆಯನ್ನು ಎಳೆದುಕೊಳ್ಳುತ್ತದೆ. ಕಣ್ಣಿನ ಗುಳ್ಳೆಗೆ ಮಾತ್ರ ಕೈ ಹಚ್ಚಲೇಬಾರದು. ಅದರ ಕೆಳಗಿನ ಹೊಸ ಮುಚ್ಚಳವೂ ಕಿತ್ತು ಬಂದರೆ ಕಣ್ಣು ಉಳಿಯುವುದಿಲ್ಲ. ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರು ದೊಡ್ಡ ಊರುಗಳಲ್ಲೇ ವಿರಳ. ರಾಯಚೂರಿನವರು ಬೀದರಿನ ಪಶುವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಿ, ಯಾರಿಗೆ ತೋರಿಸಬೇಕೆಂದು ಚಳಿಗಾಲಕ್ಕೆ ಮೊದಲೇ ತಿಳಿದಿಟ್ಟುಕೊಳ್ಳಬೇಕು. ಅಷ್ಟನ್ನೂ ಮಾಡಲಾಗದವರು ಹಾವು ತರದಿರುವುದೇ ಸರಿ.

ತಂದದ್ದಾಗಿದ್ದರೆ, ಈ ಚಳಿಗಾಲದಲ್ಲಿ ಅದು ಬಿಡುವ ಪೊರೆಯನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಕಿಟಕಿಯ ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಹರಿಯದೆ ಬಂದಿದೆಯೇ ನೋಡಿ, ಬಾಲದ ಚೂಪು ತುದಿ ಇದೆಯೇ ನೋಡಿ. ಕೊನೆಗೆ ತಲೆಯ ಭಾಗಕ್ಕೆ ಬಂದು ಗುಳ್ಳೆಗಳನ್ನು ಎಣಿಸಿ. ಎರಡು ಇರಬೇಕು.